ಅಡಿಸ್ ಅಬಾಬಾದಲ್ಲಿ ಒಂಟಿ ಮೇಷ್ಟ್ರು

ನಾವು ಎಂದೊಡನೆ ದೊಡ್ಡ ತಂಡವೊಂದನ್ನು ಓದುಗರು ಕಲ್ಪಿಸಿಕೊಳ್ಳಬಾರದು. ಬೇಸಿಗೆ ರಜೆಯಲ್ಲಿ ಕಾಸರಗೋಡಿನಿಂದ ರೈಲು ಹತ್ತಿ ಮುಂಬಯಿಗೂ, ಅಲ್ಲಿಂದ ವಿಮಾನದಲ್ಲಿ ಇಥಿಯೋಪಿಯದ ರಾಜಧಾನಿಗೂ ಹೋದವರು ನಾವೊಬ್ಬರೇ. "ಆಫ್ರಿಕಕ್ಕೆ ಒಬ್ಬರೇ ಹೋಗುವುದಾ ಮಾಷ್ಟ್ರೇ?" ಎಂದು ನೆರೆಯವರು ಹುಬ್ಬೇರಿಸಿದ್ದರು. ಹೋಗುವವರು ಹತ್ತು ದಿನ ಮುಂಚೆಯೇ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು ಪ್ರಮಾಣಪತ್ರ ಜೋಪಾನವಾಗಿಡಬೇಕು. ಹಿಂದಿರುಗುವಾಗ ಅದನ್ನು ಕೇಳುವವರು ನಮ್ಮ ದೇಶದವರೇ.

ಸಮುದ್ರಮಟ್ಟದಲ್ಲಿ ಬೆಳೆದ ನಮಗೆ ೨,೩೦೦ ಮೀಟರಿಗೂ ಎತ್ತರದ ಆ ಊರಿನಲ್ಲಿ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಗಗನಚುಂಬಿ ಕಟ್ಟಡಗಳು, ೨೦೧೫ರಲ್ಲಿ ಆರಂಭವಾದ ನಗರ ರೈಲು, ೧೯೬೩ರಲ್ಲಿ ಆಫ್ರಿಕದ ರಾಷ್ಟ್ರಗಳು ಒಂದುಗೂಡಿದ ಸಭಾಭವನ ಎಲ್ಲವೂ ಅಲ್ಲಿವೆ. ಆದರೂ ನೀಲಿ ಬಿಳಿ ಮಿನಿಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಊರ ಹೆಸರು ಕೂಗುವ ಹುಡುಗನನ್ನು ಕಂಡಾಗ ಕುಂಬಳೆ ಪೇಟೆಯೇ ನೆನಪಾಯಿತು.

ಮೊದಲ ದಿನವೇ ಮೋಸಹೋದೆವು. ವಸತಿಗೃಹದವರು, "ಕಾರು ಎರಡು ಗಂಟೆಗೆ" ಎಂದರು. ನಾವು ನಿಶ್ಚಿಂತೆಯಿಂದ ಮಲಗಿದೆವು. ಕಾರು ಬೆಳಗ್ಗೆ ಎಂಟಕ್ಕೇ ಬಂದು ಹೋಗಿತ್ತು! ಅಲ್ಲಿ ಗಂಟೆಯ ಎಣಿಕೆ ಮುಂಜಾನೆ ಆರರಿಂದ. ನಮ್ಮ ಏಳು ಅವರಿಗೆ ಒಂದು. ವರ್ಷಕ್ಕೆ ಹದಿಮೂರು ತಿಂಗಳು. ಇಸವಿಯೂ ನಮಗಿಂತ ಏಳೆಂಟು ವರ್ಷ ಹಿಂದೆ. ಸೂರ್ಯೋದಯದಿಂದ ಘಳಿಗೆ ಎಣಿಸುತ್ತಿದ್ದ ನಮ್ಮ ಅಜ್ಜನಾದರೆ ಕಾರು ತಪ್ಪಿಸಿಕೊಳ್ಳುತ್ತಿರಲಿಲ್ಲ.

ಊಟಕ್ಕೆ ಚಿಂತೆಯಿಲ್ಲ. ತೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿಬರಿಸಿ ಎರೆಯುವ ಇಂಜೆರಾ ನಮ್ಮ ದೋಸೆಯ ಅಣ್ಣನೇ ಸರಿ. ಬುಧವಾರ, ಶುಕ್ರವಾರ ಅಲ್ಲಿನ ಕ್ರೈಸ್ತರ ಉಪವಾಸದ ದಿನಗಳಾದ್ದರಿಂದ ಬೇಳೆ, ಸೊಪ್ಪಿನ ಪದಾರ್ಥಗಳು ಧಾರಾಳ. ಕಾಫಿಯ ತವರಂತೂ ಅದೇ ದೇಶ.

ಫಲಕಗಳನ್ನು ಕಂಡು ಮೇಷ್ಟ್ರ ಬುದ್ಧಿ ಎಚ್ಚೆತ್ತಿತು. ಅಮ್ಹಾರಿಕ್ ಲಿಪಿಗೂ ನಮ್ಮಂತೆ ಕಾಗುಣಿತವಿದೆ: ಒಂದೊಂದು ವ್ಯಂಜನಕ್ಕೆ ಏಳು ರೂಪ. ಹೋಟೆಲಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು ಇಂಗ್ಲಿಷಿನಲ್ಲಿ, "ಭಾರತದವರೇ? ನನಗೆ ಗಣಿತ ಕಲಿಸಿದವರು ನಿಮ್ಮವರು" ಎಂದರು. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ಭಾರತದಿಂದ, ವಿಶೇಷವಾಗಿ ಕೇರಳದಿಂದ, ಬಹಳ ಮಂದಿ ಅಧ್ಯಾಪಕರು ಅಲ್ಲಿಗೆ ಹೋಗಿದ್ದರು.

ಆ ವೃದ್ಧರ ಮನೆಮಾತು ಒರೊಮೊ. ದೇಶದಲ್ಲಿ ಅತಿ ಹೆಚ್ಚಿನ ಸಂಖ್ಯೆಯ ಜನ ಅವರೇ. ರಾಜಧಾನಿಯ ಸುತ್ತಲಿನ ನಾಡೂ ಅವರದೇ. ಆ ಊರನ್ನು ಅವರು ಕರೆಯುವುದು ಫಿನ್‌ಫಿನ್ನೆ ಎಂದು. ಆದರೂ ಚಕ್ರವರ್ತಿಯ ಶಾಲೆಗಳಲ್ಲಿ ಒರೊಮೊ ನುಡಿಗೆ ಎಡೆಯಿರಲಿಲ್ಲ. ೧೯೯೧ರ ಬಳಿಕವೇ ಅದು ಒರೊಮಿಯದ ಶಾಲೆಗಳಲ್ಲಿ ಪಾಠದ ಮಾತಾದದ್ದು. "ಅಷ್ಟು ವರ್ಷ ಹೇಗೆ ಉಳಿಯಿತು?" ಎಂದು ಕೇಳಿದೆವು. "ಅಮ್ಮ ಅಡುಗೆಮನೆಯಲ್ಲಿ ಬೇರೆ ಮಾತಾಡಲಿಲ್ಲ" ಎಂದು ನಕ್ಕರು.

ಆ ಉತ್ತರ ನಮಗೆ ಚುಚ್ಚಿತು. ಅವರಿಗೆ ಶಾಲೆ ಇರಲಿಲ್ಲ, ಮನೆಯಲ್ಲಿ ಮಾತಿತ್ತು. ೧೯೫೬ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಕನ್ನಡ ಶಾಲೆಗಳು ಉಳಿದುಕೊಂಡವು. ನಮ್ಮ ತರಗತಿಯಲ್ಲಿ ಮಾತ್ರ ವರ್ಷವರ್ಷವೂ ಒಂದೊಂದು ಬೆಂಚು ಖಾಲಿಯಾಗುತ್ತಿದೆ. ಹಾಜರಿ ಪುಸ್ತಕದಲ್ಲಿರುವ ಮಕ್ಕಳ ಮನೆಗಳಲ್ಲೂ ಮಾತು ಬದಲಾಗುತ್ತಿದೆ. ಮಲಯಾಳ ಬರಲಿ, ಇಂಗ್ಲಿಷೂ ಬರಲಿ. ಅವೆರಡೂ ಇದ್ದುದರಿಂದಲೇ ನಾವು ಮುಂಬಯಿ ದಾಟಿದ್ದು. ಆದರೆ ಆ ವೃದ್ಧರು, "ನಿಮ್ಮ ಮಾತು ಯಾವುದು?" ಎಂದು ಕೇಳಿದಾಗ ತಡವರಿಸದೆ ಹೇಳಲು ನಮಗೊಂದು ಹೆಸರಿತ್ತು.

ಜೂನ್ ಒಂದಕ್ಕೆ ಶಾಲೆ ತೆರೆದಾಗ ಕರಿಹಲಗೆಯ ಮೇಲೆ ಅವರ ಏಳು ಅಕ್ಷರ, ಪಕ್ಕದಲ್ಲಿ ನಮ್ಮ ಕಾಗುಣಿತ ಬರೆದೆವು. ಮಕ್ಕಳು ಎರಡನ್ನೂ ಗಟ್ಟಿಯಾಗಿ ಓದಿದರು.