ಬೆಂಕಿಗಿಲ್ಲದ ಭೇದ ಫೈರ್ ಸ್ಟೇಷನ್ನಿಗೆ ಯಾಕೆ?

ಬೇಸಿಗೆ ಬಂತೆಂದರೆ ನಮ್ಮ ಕಡೆ ಹುಲ್ಲಿನ ಬಣವೆಗೆ ಬೆಂಕಿ ಬೀಳೋದು ಮಾಮೂಲು. ಅದರ ಜೊತೆಗೆ ಗ್ಯಾಸ್ ಸಿಲಿಂಡರ್ ಸೋರಿಕೆ, ಬಾವಿಗೆ ಬಿದ್ದ ಎಮ್ಮೆ, ಮಳೆಗಾಲದಲ್ಲಿ ಹಳ್ಳದ ನಡುವೆ ಸಿಕ್ಕಿಕೊಂಡ ಜನ. 101ಕ್ಕೆ ಫೋನ್ ಮಾಡಿದರೆ ಕೆಂಪು ಗಾಡಿ ಬರುತ್ತೆ. ಅದರಿಂದ ಇಳಿಯುವವರು ಗಂಡಸರೇ ಆಗಿರಬೇಕು ಅನ್ನೋದು ನಮ್ಮ ತಲೆಯಲ್ಲಿ ಭದ್ರವಾಗಿ ಕೂತಿದೆ. “ಅದು ಹೆಂಗಸರ ಕೆಲಸ ಅಲ್ಲ ಬಿಡ್ರೀ” ಎಂದು ಅರಳಿಕಟ್ಟೆಯ ಪಂಚಾಯಿತಿ ತೀರ್ಪನ್ನೂ ಕೊಟ್ಟಾಗಿದೆ.

ಈ ತೀರ್ಪು ಎಷ್ಟು ಪೊಳ್ಳು ಎಂಬುದಕ್ಕೆ ಸಾಕ್ಷಿ ಬೇಕೆ? ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜು ಶುರುವಾದದ್ದು 1956ರಲ್ಲಿ. ಅಲ್ಲಿಗೆ ಮೊದಲ ವಿದ್ಯಾರ್ಥಿನಿಯಾಗಿ ಹರ್ಷಿಣಿ ಕಾನ್ಹೇಕರ್ ಕಾಲಿಟ್ಟದ್ದು 2002ರಲ್ಲಿ. ಗಂಡುಹುಡುಗರು ಹೊತ್ತ ಹೋಸ್ ಪೈಪನ್ನೇ ಹೊತ್ತು, ಅವರು ಮಾಡಿದ ಡ್ರಿಲ್ಲನ್ನೇ ಮಾಡಿ, 2006ರಲ್ಲಿ ಓ.ಎನ್.ಜಿ.ಸಿ.ಯ ಅಗ್ನಿಶಾಮಕ ವಿಭಾಗ ಸೇರಿದರು.

ಪಕ್ಕದ ತಮಿಳುನಾಡನ್ನು ನೋಡಿ. ಚೆನ್ನೈನ ಎಳಿಲಗಂ ಆವರಣದ ಹಳೇ ಕಟ್ಟಡಕ್ಕೆ 2012ರ ಜನವರಿಯಲ್ಲಿ ಬೆಂಕಿ ಬಿದ್ದಾಗ ಒಳಗೆ ನುಗ್ಗಿದವರಲ್ಲಿ ಅಧಿಕಾರಿ ಪ್ರಿಯಾ ರವಿಚಂದ್ರನ್ ಕೂಡ ಒಬ್ಬರು. ಮೈ ಸುಟ್ಟುಕೊಂಡರು. ವಾಸಿಯಾದ ಮೇಲೆ ಮತ್ತೆ ಡ್ಯೂಟಿಗೆ ಹಾಜರಾದರು. ಕಟ್ಟೆಯ ಪಂಚರು ಇದಕ್ಕೇನಂತಾರೆ?

“ಹಾಗಾದರೆ ಪರೀಕ್ಷೆ ಸಡಿಲ ಮಾಡಬೇಕಾ?” ಎನ್ನುವವರಿದ್ದಾರೆ. ಖಂಡಿತ ಬೇಡ ಸ್ವಾಮಿ. ಉರಿಯುವ ಮನೆಯೊಳಗೆ ಸಿಕ್ಕಿಕೊಂಡವನಿಗೆ ಬೇಕಾದ್ದು ಕೈಲಾಗುವ ಜನ. ಪರೀಕ್ಷೆ ಮಾತ್ರ ಕೆಲಸವನ್ನು ಅಳೆಯಬೇಕು, ಮೀಸೆಯನ್ನಲ್ಲ.

ನ್ಯೂಯಾರ್ಕಿನಲ್ಲಿ ಆದದ್ದೂ ಇದೇ ಜಗಳ. 1977ರಲ್ಲಿ ಅಲ್ಲಿನ ಫೈರ್ ಡಿಪಾರ್ಟ್‌ಮೆಂಟ್ ಮೊದಲ ಸಲ ಹೆಂಗಸರಿಂದ ಅರ್ಜಿ ತೆಗೆದುಕೊಂಡಿತು. ದೇಹಬಲದ ಪರೀಕ್ಷೆಯಲ್ಲಿ ಒಬ್ಬಳೂ ಪಾಸಾಗಲಿಲ್ಲ. ಬ್ರೆಂಡಾ ಬರ್ಕ್‌ಮನ್ ಎಂಬಾಕೆ ಕೋರ್ಟಿಗೆ ಹೋದರು. ಆ ಪರೀಕ್ಷೆಗೂ ನಿಜವಾದ ಕೆಲಸಕ್ಕೂ ಸರಿಯಾದ ಸಂಬಂಧವಿಲ್ಲ ಎಂದು 1982ರಲ್ಲಿ ನ್ಯಾಯಾಧೀಶರು ಹೇಳಿದರು. ಪರೀಕ್ಷೆ ಬದಲಾಯಿತು, ಅದೇ ವರ್ಷ ಸುಮಾರು 40 ಮಂದಿ ಹೆಂಗಸರು ದಳ ಸೇರಿದರು. ಸೇರಿದ ಮೇಲೂ ಕಾಟ ತಪ್ಪಲಿಲ್ಲ. ಬರ್ಕ್‌ಮನ್ನರನ್ನು ಕೆಲಸದಿಂದ ತೆಗೆದೇ ಹಾಕಿದರು. ಆಕೆ ಮತ್ತೆ ಕೋರ್ಟಿನ ಮೂಲಕ ಒಳಗೆ ಬಂದು, ಕೊನೆಗೆ ಕ್ಯಾಪ್ಟನ್ ಆಗಿ ನಿವೃತ್ತರಾದರು.

ಇದರಿಂದ ಕಲಿಯಬೇಕಾದ್ದು ಇಷ್ಟೇ: ಬಾಗಿಲು ತೆರೆದರೆ ಸಾಲದು, ಒಳಗೆ ಜಾಗವೂ ಬೇಕು. ರಾತ್ರಿ ಪಾಳಿಗೆ ಬೇರೆ ಕೋಣೆ, ಬಟ್ಟೆ ಬದಲಾಯಿಸೋಕೆ ಮರೆ, ನೆಟ್ಟಗಿನ ಕಕ್ಕಸು, ಅಳತೆಗೆ ಸರಿಹೋಗುವ ಬೂಟು, ಕೋಟು. ದೊಗಳೆ ಕೋಟು ತೊಟ್ಟು ಏಣಿ ಹತ್ತಿದರೆ ಜೀವಕ್ಕೇ ಅಪಾಯ. ಅದು ಶೋಕಿಯ ಮಾತಲ್ಲ.

ಇನ್ನೊಂದು ಮಾತು. ಅಡುಗೆಮನೆಯ ಬೆಂಕಿಗೆ ಮೊದಲು ಸಿಗುವವಳು ಹೆಂಗಸು. ರೆಗ್ಯುಲೇಟರ್ ಹೇಗೆ ಮುಚ್ಚಬೇಕು, ಸೀರೆಗೆ ಬೆಂಕಿ ತಗುಲಿದರೆ ಓಡದೆ ನೆಲದಲ್ಲಿ ಯಾಕೆ ಹೊರಳಬೇಕು ಅನ್ನೋದನ್ನು ಯೂನಿಫಾರಂ ತೊಟ್ಟ ಹೆಣ್ಣುಮಗಳೊಬ್ಬಳು ಬಂದು ಹೇಳಿದರೆ ಓಣಿಯ ಹೆಂಗಸರು ನಾಚದೆ ಕೇಳುತ್ತಾರೆ, ಎದುರು ಪ್ರಶ್ನೆಯನ್ನೂ ಹಾಕುತ್ತಾರೆ.

ಕಬಡ್ಡಿ ಆಡುವ, ಹೊಲದಲ್ಲಿ ಮೂಟೆ ಹೊರುವ ಹೆಣ್ಣುಮಕ್ಕಳಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಮುಂದಿನ ನೇಮಕಾತಿಯ ಪ್ರಕಟಣೆ ಬಂದಾಗ ಅವರಿಂದಲೂ ಅರ್ಜಿ ಹಾಕಿಸಿ. ಶಾಸಕರೇ, ಅಧಿಕಾರಿಗಳೇ, ಅಷ್ಟರೊಳಗೆ ಸ್ಟೇಷನ್ನಿನಲ್ಲಿ ಒಂದು ಕಕ್ಕಸು, ಒಂದು ಕೋಣೆ ಕಟ್ಟಿಸಿಡಿ. ಭಾಷಣವನ್ನು ಆಮೇಲೆ ಮಾಡುವಿರಂತೆ.