ನಗುಮುಖ, ಇಂಗ್ಲಿಷು, ಕಾಂಟ್ಯಾಕ್ಟು: ಪಿಆರ್ ಕೆಲಸದ ಸುತ್ತಲಿನ ಭ್ರಮೆಗಳು

'ಹುಡುಗಿ ಅರಳು ಹುರಿದಂತೆ ಮಾತಾಡ್ತಾಳೆ, ಪಿಆರ್‌ಗೆ ಸೇರಿಸಿಬಿಡಿ.' ಪದವಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಬಂಧುಗಳು ಕೊಡುವ ಸಲಹೆಗಳಲ್ಲಿ ಇದೂ ಒಂದು. ಹೀಗೆ ಹೇಳುವವರ ಕಣ್ಣ ಮುಂದಿರುವುದು ಆಸ್ಪತ್ರೆಯ ಕೌಂಟರಿನಲ್ಲಿ ನಗುತ್ತ ನಿಂತ ಪಿಆರ್‌ಒ, ಇಲ್ಲವೇ ಸಿನಿಮಾ ಮುಹೂರ್ತದಲ್ಲಿ ಪತ್ರಕರ್ತರನ್ನು ವಿಚಾರಿಸಿಕೊಳ್ಳುತ್ತ ಓಡಾಡುವ ಪ್ರಚಾರಕರ್ತ. ಈ ಚಿತ್ರ ಸುಳ್ಳೇನಲ್ಲ, ಅಪೂರ್ಣ. ಸಾರ್ವಜನಿಕ ಸಂಪರ್ಕದ ಹೆಚ್ಚಿನ ಕೆಲಸ ನಡೆಯುವುದು ಯಾರ ಕಣ್ಣಿಗೂ ಬೀಳದ ಕಡೆ: ಸಂಸ್ಥೆಯ ಒಳಗೆ, ಮಾಹಿತಿ ಬಿಟ್ಟುಕೊಡಲು ಮನಸ್ಸಿಲ್ಲದ ಮ್ಯಾನೇಜರುಗಳ ಮೇಜಿನ ಎದುರು.

ಪಿಆರ್ ಏಜೆನ್ಸಿಗೆ ಹೊಸದಾಗಿ ಸೇರಿದವರ ದಿನ ಸಾಮಾನ್ಯವಾಗಿ ಶುರುವಾಗುವುದೇ ಪತ್ರಿಕೆಗಳ ರಾಶಿಯಿಂದ. ತಮ್ಮ ಗ್ರಾಹಕ ಕಂಪನಿಯ ಹೆಸರು ಎಲ್ಲಿ ಬಂದಿದೆ, ಪ್ರತಿಸ್ಪರ್ಧಿಯ ಸುದ್ದಿ ಏನು, ಸರ್ಕಾರದ ಹೊಸ ಆದೇಶ ಯಾರಿಗೆ ತಟ್ಟುತ್ತದೆ ಎಂದು ಹುಡುಕಿ, ಕಚೇರಿಗಳು ತೆರೆಯುವ ಹೊತ್ತಿಗೆ ಒಂದು ಪುಟದ ಟಿಪ್ಪಣಿ ಕಳಿಸಬೇಕು. ಆಮೇಲೆ ಪತ್ರಿಕಾ ಪ್ರಕಟಣೆಯ ಕರಡು. 'ದಕ್ಷಿಣ ಭಾರತದಲ್ಲೇ ಮೊದಲು' ಎಂದು ಮಾರ್ಕೆಟಿಂಗ್ ವಿಭಾಗ ಬರೆದು ಕೊಟ್ಟಿರುತ್ತದೆ. ಮೊದಲು ಎಂದು ಎಣಿಸಿದವರು ಯಾರು? ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಆ ಸಾಲನ್ನು ಹೊಡೆದು ಹಾಕಿಸುವುದೋ, ಅದಕ್ಕೆ ಆಧಾರ ತರಿಸುವುದೋ ಆ ಹೊಸಬರ ಪಾಲಿಗೆ ಬರುತ್ತದೆ. ಕರಡು ಕಾನೂನು ವಿಭಾಗಕ್ಕೆ ಹೋಗಿ ಬರುತ್ತದೆ, ಮೇಲಧಿಕಾರಿ ಎರಡು ವಿಶೇಷಣ ಸೇರಿಸುತ್ತಾರೆ, ಇನ್ನೊಬ್ಬರು ಮೂರು. ಇಷ್ಟರಲ್ಲಿ ಮಾತುಗಾರಿಕೆಗೆ ಅವಕಾಶ ಸಿಕ್ಕಿದ್ದು ಎಲ್ಲೋ ಹತ್ತು ನಿಮಿಷ. ಓದು, ವಿಚಾರಣೆ, ಬರವಣಿಗೆಗಳೇ ಉಳಿದ ದಿನವನ್ನು ನುಂಗಿರುತ್ತವೆ.

ಹಾಗಾಗಿಯೇ ಸಂದರ್ಶನಕ್ಕೆ ಹೋದ ಅಭ್ಯರ್ಥಿಯ ಮುಂದೆ ಅನೇಕ ಏಜೆನ್ಸಿಗಳು ಇಡುವುದು ಬರವಣಿಗೆಯ ಪರೀಕ್ಷೆಯನ್ನು.

ಇಂಗ್ಲಿಷ್ ಚೆನ್ನಾಗಿದ್ದರೆ ಸಾಕು ಎಂಬ ನಂಬಿಕೆಯೂ ಇದರ ಬೆನ್ನಿಗೇ ಬರುತ್ತದೆ. ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಹುಟ್ಟುವ ಪ್ರಕಟಣೆಗಳು ಇಂಗ್ಲಿಷಿನಲ್ಲೇ ಹುಟ್ಟುತ್ತವೆ, ನಿಜ. ಅವು ಅವಸರದಲ್ಲಿ ಕನ್ನಡಕ್ಕೆ ಹೊರಳಿ, 'ಉತ್ಕೃಷ್ಟತೆಯ ಪಯಣದಲ್ಲಿ ಮತ್ತೊಂದು ಮೈಲಿಗಲ್ಲು' ಎಂಬಂಥ ಸಾಲುಗಳನ್ನು ಹೊತ್ತು ಪತ್ರಿಕೆಯ ಡೆಸ್ಕಿಗೆ ಬಂದು ಬೀಳುತ್ತವೆ. ಉಪಸಂಪಾದಕರು ಮೂರು ಪುಟ ತಡಕಾಡಿದ ಮೇಲೆ ಸಿಗುವ ಸುದ್ದಿ ಇಷ್ಟೇ: ಹುಬ್ಬಳ್ಳಿಯಲ್ಲಿ ಹೊಸ ಶಾಖೆ ತೆರೆದಿದೆ. ಆ ಒಂದು ವಾಕ್ಯವನ್ನೇ ಮೊದಲ ಸಾಲಿಗೆ ತಂದು, ಯಾವಾಗ, ಎಲ್ಲಿ, ಎಷ್ಟು ಜನರಿಗೆ ಕೆಲಸ ಎಂಬುದನ್ನು ಎರಡನೇ ಪ್ಯಾರಾದಲ್ಲಿ ಹೇಳಿ, ಕೊನೆಗೆ ನಿಜವಾಗಿ ಫೋನ್ ಎತ್ತುವ ವ್ಯಕ್ತಿಯ ನಂಬರು ಕೊಡುವವರು ಡೆಸ್ಕಿನ ನೆನಪಿನಲ್ಲಿ ಉಳಿಯುತ್ತಾರೆ. ಕನ್ನಡದಲ್ಲೇ ಯೋಚಿಸಿ ಬರೆಯಬಲ್ಲವರಿಗೆ ಇಲ್ಲಿರುವ ಅವಕಾಶವನ್ನು ಪಿಆರ್ ಕಂಪನಿಗಳಿಗಿಂತ ಮೊದಲು ಕನ್ನಡ ಪದವೀಧರರೇ ಗುರುತಿಸಬೇಕಿತ್ತು. ನಮ್ಮ ಮೆಟ್ರೊ ಸಂಚಾರದ ಬದಲಾವಣೆ, ಬೆಸ್ಕಾಂನ ವಿದ್ಯುತ್ ನಿಲುಗಡೆ, ಕೆಎಸ್‌ಆರ್‌ಟಿಸಿಯ ಹೆಚ್ಚುವರಿ ಬಸ್ಸುಗಳು, ಇವೆಲ್ಲ ಮೊದಲು ತಲುಪಬೇಕಾದದ್ದು ಕನ್ನಡ ಓದುವವರಿಗೆ.

ಎಲ್ಲಕ್ಕಿಂತ ಹಟಮಾರಿ ನಂಬಿಕೆ ಬೇರೆಯೇ ಇದೆ: ಪಿಆರ್ ಎಂದರೆ ಸುಳ್ಳಿಗೆ ಬಣ್ಣ ಬಳಿಯುವ ಕೆಲಸ. ಇದನ್ನು ಪೂರ್ತಿ ತಳ್ಳಿಹಾಕಲು ಈ ವೃತ್ತಿಯ ಇತಿಹಾಸವೇ ಬಿಡುವುದಿಲ್ಲ. ಆಧುನಿಕ ಪಿಆರ್‌ನ ಆದ್ಯರಲ್ಲಿ ಒಬ್ಬನಾದ ಅಮೆರಿಕದ ಐವಿ ಲೀ ಎಂಬ ಒಬ್ಬನೇ ಮನುಷ್ಯನ ಬದುಕಿನಲ್ಲಿ ಈ ವಾದದ ಎರಡೂ ಮಗ್ಗುಲು ಸಿಗುತ್ತವೆ.

ಲೀ ಮೊದಲು ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ವರದಿಗಾರನಾಗಿದ್ದವನು. 1906ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ಸಿಟಿಯ ಬಳಿ ರೈಲೊಂದು ಸೇತುವೆಯಿಂದ ನೀರಿಗೆ ಉರುಳಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಪಘಾತವನ್ನು ಆದಷ್ಟು ಮುಚ್ಚಿಡುವುದೇ ಅಂದಿನ ರೈಲ್ವೆ ಕಂಪನಿಗಳ ಪದ್ಧತಿ. ಪೆನ್ಸಿಲ್ವೇನಿಯಾ ರೈಲ್‌ರೋಡ್‌ಗೆ ಕೆಲಸ ಮಾಡುತ್ತಿದ್ದ ಲೀ ತದ್ವಿರುದ್ಧವಾಗಿ ನಡೆದುಕೊಂಡ. ಕಂಪನಿಗೆ ಗೊತ್ತಿದ್ದ ವಿವರಗಳನ್ನು ಬರೆದು ಎಲ್ಲ ಪತ್ರಿಕೆಗಳಿಗೂ ಹಂಚಿದ, ವರದಿಗಾರರನ್ನು ಸ್ಥಳಕ್ಕೆ ಕರೆಸಿದ. ನ್ಯೂಯಾರ್ಕ್ ಟೈಮ್ಸ್ ಆ ಹೇಳಿಕೆಯನ್ನು ಇದ್ದಂತೆಯೇ ಅಚ್ಚು ಹಾಕಿತು. ಜಗತ್ತಿನ ಮೊದಲ ಪತ್ರಿಕಾ ಪ್ರಕಟಣೆ ಎಂದು ಅನೇಕರು ಎಣಿಸುವುದು ಇದನ್ನೇ.

ಎಂಟು ವರ್ಷ ಕಳೆಯಿತು. 1914ರ ಏಪ್ರಿಲ್‌ನಲ್ಲಿ ಕೊಲರಾಡೊದ ಲಡ್ಲೋ ಎಂಬಲ್ಲಿ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಡೇರೆಗಳ ಮೇಲೆ ದಾಳಿ ನಡೆದು, ಹೆಂಗಸರು ಮಕ್ಕಳೂ ಸೇರಿ ಹಲವರು ಸತ್ತರು. ಗಣಿಗಳು ರಾಕ್‌ಫೆಲರ್ ಕುಟುಂಬದ ಹಿಡಿತದಲ್ಲಿದ್ದವು. ಕಂಪನಿಯ ಪರ ಬುಲೆಟಿನ್‌ಗಳನ್ನು ಬರೆಯಲು ಬಂದವನು ಇದೇ ಲೀ. ಕಾರ್ಮಿಕ ನಾಯಕರು ಪಡೆಯುತ್ತಿದ್ದ ಹಣದ ಬಗ್ಗೆ ಅವನು ಪ್ರಕಟಿಸಿದ ಅಂಕಿಗಳು ವಿಪರೀತ ಉಬ್ಬಿದ್ದವು, ತಪ್ಪಾಗಿದ್ದವು. ವಿಚಾರಣಾ ಆಯೋಗದ ಮುಂದೆ ನಿಂತಾಗ, ಕಂಪನಿ ಕೊಟ್ಟದ್ದನ್ನು ತಾನು ಪರಿಶೀಲಿಸಿರಲಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ ಅವನಿಗೆ 'ಪಾಯ್ಸನ್ ಐವಿ' ಎಂಬ ಅಡ್ಡಹೆಸರಿಟ್ಟ. ಅದು ಕೊನೆಯತನಕ ಅಂಟಿಕೊಂಡಿತು. ಹೊಸಬರು ಗಮನಿಸಬೇಕಾದದ್ದು ಲೀಯ ಲೇಖನಿ ಎರಡೂ ಸಲ ಅಷ್ಟೇ ಚುರುಕಾಗಿತ್ತು ಎಂಬುದನ್ನು. ಲಡ್ಲೋದಲ್ಲಿ ಅವನು ಕೈಬಿಟ್ಟದ್ದು ವರದಿಗಾರನ ಹಳೆಯ ಅಭ್ಯಾಸವನ್ನು, ಬಂದ ಮಾಹಿತಿಯನ್ನು ಮರುಪ್ರಶ್ನಿಸುವ ಅಭ್ಯಾಸವನ್ನು.

ಸುಮ್ಮನಿದ್ದರೆ ಗಲಾಟೆ ತಾನೇ ತಣ್ಣಗಾಗುತ್ತದೆ ಎಂದು ನಂಬುವ ಮೇಲಧಿಕಾರಿಗಳೂ ಇದ್ದಾರೆ. ಅವರಿಗೆ 2015ರ ಮ್ಯಾಗಿ ಪ್ರಕರಣವನ್ನು ನೆನಪಿಸಬಹುದು. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ತೆಗೆದ ಮಾದರಿಯ ಪರೀಕ್ಷೆಯಿಂದ ಶುರುವಾದ ಸೀಸದ ವಿವಾದ ವಾರಗಟ್ಟಲೆ ಟಿವಿಯಲ್ಲಿ ಕುದಿಯಿತು. ನೆಸ್ಲೆಯ ಜಾಗತಿಕ ಮುಖ್ಯಸ್ಥ ಪಾಲ್ ಬುಲ್ಕೆ ದೆಹಲಿಯಲ್ಲಿ ಪತ್ರಕರ್ತರ ಮುಂದೆ ಕುಳಿತದ್ದು ಜೂನ್ 5ರಂದು. ಆಹಾರ ಸುರಕ್ಷತಾ ಪ್ರಾಧಿಕಾರ ಮ್ಯಾಗಿಯನ್ನು ಹಿಂಪಡೆಯಲು ಆದೇಶಿಸಿದ್ದೂ ಅದೇ ದಿನ. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದುಪಡಿಸಿ ಹೊಸ ಪರೀಕ್ಷೆಗೆ ಸೂಚಿಸಿತು. ಅದರಲ್ಲಿ ತೇರ್ಗಡೆಯಾಗಿ, ನಮ್ಮ ನಂಜನಗೂಡೂ ಸೇರಿ ಮೂರು ಕಾರ್ಖಾನೆಗಳಲ್ಲಿ ತಯಾರಿಕೆ ಮತ್ತೆ ಶುರುವಾಗಿ, ನವೆಂಬರ್‌ನಲ್ಲಿ ಮ್ಯಾಗಿ ಅಂಗಡಿಗೆ ಮರಳಿತು. ಕಂಪನಿಯ ವಾದವನ್ನು ನ್ಯಾಯಾಲಯ ಒಪ್ಪಿತೇನೋ ಸರಿ, ಅಷ್ಟರಲ್ಲಿ ಸಾವಿರಾರು ಟನ್ ನೂಡಲ್ಸ್ ನಾಶವಾಗಿತ್ತು. ಮೊದಲ ವಾರಗಳ ಮಿತಭಾಷೆ ದುಬಾರಿಯಾಯಿತು ಎಂಬ ಟೀಕೆ ಇಂದಿಗೂ ಕೇಳುತ್ತದೆ. ಷೇರುಪೇಟೆಯ ದೊಡ್ಡ ಕಂಪನಿಗಳಿಗಂತೂ ಈಗ ಮೌನ ಎನ್ನುವುದು ಇಷ್ಟಬಂದಂತೆ ಬಳಸುವ ಆಯ್ಕೆಯಲ್ಲ. ಮಾಧ್ಯಮದಲ್ಲಿ ಬಂದ ವದಂತಿಯಿಂದ ಷೇರು ಬೆಲೆ ಗಣನೀಯವಾಗಿ ಏರಿಳಿದರೆ, 24 ಗಂಟೆಯೊಳಗೆ ಅದನ್ನು ಒಪ್ಪುವುದೋ ಅಲ್ಲಗಳೆಯುವುದೋ ಸ್ಪಷ್ಟಪಡಿಸುವುದೋ ಆಗಬೇಕು ಎಂಬ ಸೆಬಿ ನಿಯಮ 2024ರಿಂದ ಜಾರಿಗೆ ಬಂದಿದೆ.

ಇನ್ನು ಪಿಆರ್ ಏನನ್ನು ಮಾಡಲಾರದು ಎಂಬುದಕ್ಕೆ 2003ರ ಕ್ಯಾಡ್‌ಬರಿ ಸಾಕ್ಷಿ. ಮಹಾರಾಷ್ಟ್ರದಲ್ಲಿ ಚಾಕೊಲೇಟಿನೊಳಗೆ ಹುಳು ಕಂಡಾಗ, ಅಂಗಡಿಯವರು ಸರಿಯಾಗಿ ದಾಸ್ತಾನು ಮಾಡಿಲ್ಲ ಎಂಬ ವಿವರಣೆ ಯಾರ ಗಂಟಲಲ್ಲೂ ಇಳಿಯಲಿಲ್ಲ. ಜನರ ವಿಶ್ವಾಸ ಮರಳುವ ಮೊದಲು ಹೊದಿಕೆಯೇ ಬದಲಾಗಬೇಕಾಯಿತು. ಅಮಿತಾಭ್ ಬಚ್ಚನ್ ಜಾಹೀರಾತಿಗೆ ಬಂದದ್ದು ಆಮೇಲೆ.

ಬಚ್ಚನ್ ಬಂದದ್ದು ಜಾಹೀರಾತಿನಲ್ಲಿ. ಅದಕ್ಕೆ ದುಡ್ಡು ಕೊಟ್ಟು ಜಾಗ ಖರೀದಿಸಲಾಗುತ್ತದೆ. ಪಿಆರ್ ಎಂದರೆ 'ಪುಕ್ಕಟೆ ಜಾಹೀರಾತು' ಎಂದುಕೊಳ್ಳುವ ಗ್ರಾಹಕರು ಈ ವ್ಯತ್ಯಾಸವನ್ನು ಮರೆತು, 'ನಾಳೆ ಮುಖಪುಟದಲ್ಲಿ ಬರಲೇಬೇಕು' ಎನ್ನುತ್ತಾರೆ. ಸುದ್ದಿ ಬರುವುದು ಬಿಡುವುದು ಸಂಪಾದಕರ ತೀರ್ಮಾನ. ಹಣ ಕೊಟ್ಟು ಸುದ್ದಿ ಮಾಡಿಸಿದರೆ ಅದು ಕಾಸಿಗಾಗಿ ಸುದ್ದಿ; ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ವರದಿ ಕೊಟ್ಟದ್ದು ಈ ಪಿಡುಗಿನ ಬಗ್ಗೆಯೇ. ಬಂದ ಸುದ್ದಿಯ ಕಾಲಂ ಸೆಂಟಿಮೀಟರ್ ಅಳೆದು 'ಇಷ್ಟು ಲಕ್ಷದ ಜಾಹೀರಾತಿಗೆ ಸಮ' ಎಂದು ಲೆಕ್ಕ ಹಾಕುವ ಚಾಳಿಯೂ ಉಂಟು. ಅಂಥ ಲೆಕ್ಕ ಸಾರ್ವಜನಿಕ ಸಂಪರ್ಕದ ಮೌಲ್ಯವಲ್ಲ ಎಂದು ಅಂತರರಾಷ್ಟ್ರೀಯ ವೃತ್ತಿ ಸಂಘಗಳು ಅದೇ 2010ರಲ್ಲಿ ಬಾರ್ಸಿಲೋನಾದಲ್ಲಿ ಘೋಷಿಸಿದವು. ಆದರೂ ತಿಂಗಳ ಕೊನೆಗೆ ಆ ಕೋಷ್ಟಕ ತುಂಬಿಸುವ ಕೆಲಸ ಹಲವೆಡೆ ಕಿರಿಯರ ತಲೆಗೇ ಬೀಳುತ್ತದೆ.

ಕಾಂಟ್ಯಾಕ್ಟ್ ಇಲ್ಲದವರಿಗೆ ಇಲ್ಲಿ ಜಾಗವಿಲ್ಲ ಎಂಬ ಅಂಜಿಕೆಗೆ ಹೆಚ್ಚು ಮಾತು ಬೇಕಿಲ್ಲ. ವರದಿಗಾರರ ಬೀಟ್ ಬದಲಾಗುತ್ತದೆ, ಪತ್ರಿಕೆಯೂ ಬದಲಾಗುತ್ತದೆ. ಎರವಲು ಪಡೆದ ಫೋನ್ ನಂಬರುಗಳ ಪಟ್ಟಿ ಬೇಗ ಹಳಸುತ್ತದೆ. ಪುಟ ಮುಗಿಸುವ ಹೊತ್ತಿನಲ್ಲಿ 'ನಮ್ಮ ಮೇಲ್ ನೋಡಿದ್ರಾ ಸರ್' ಎಂದು ಕರೆ ಮಾಡದಿದ್ದರೆ ಪರಿಚಯ ತಾನಾಗಿ ಬೆಳೆಯುತ್ತದೆ.

ಪದವಿಯ ವಿಚಾರದಲ್ಲೂ ಅಷ್ಟೇ. ವಕೀಲರಿಗೆ, ಲೆಕ್ಕಪರಿಶೋಧಕರಿಗೆ ಇರುವಂಥ ಕಡ್ಡಾಯ ನೋಂದಣಿ ಭಾರತದಲ್ಲಿ ಪಿಆರ್‌ಗೆ ಇಲ್ಲ. 1958ರಲ್ಲಿ ಶುರುವಾದ ಪಬ್ಲಿಕ್ ರಿಲೇಷನ್ಸ್ ಸೊಸೈಟಿ ಆಫ್ ಇಂಡಿಯಾ ಸದಸ್ಯತ್ವ ಕೊಡುತ್ತದೆಯೇ ಹೊರತು ಪರವಾನಗಿಯನ್ನಲ್ಲ. ದೆಹಲಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮಾಸ್ ಕಮ್ಯುನಿಕೇಷನ್‌ನಲ್ಲಿ (ಐಐಎಂಸಿ) ಜಾಹೀರಾತು ಮತ್ತು ಸಾರ್ವಜನಿಕ ಸಂಪರ್ಕದ ಕೋರ್ಸ್ ಇದೆ, ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪತ್ರಿಕೋದ್ಯಮ ವಿಭಾಗಗಳಿವೆ, ಓದಿದ್ದರೆ ಅನುಕೂಲ. ಸರ್ಕಾರದ ಕಡೆ ಒಲವಿದ್ದವರು ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ಮೂಲಕ ಭಾರತೀಯ ಮಾಹಿತಿ ಸೇವೆಗೆ ಹೋಗಬಹುದು. ರಾಜ್ಯದಲ್ಲಿ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಜಿಲ್ಲಾ ಕೇಂದ್ರಗಳವರೆಗೂ ಹರಡಿದೆ.

ಸಂದರ್ಶನಕ್ಕೆ ಹೊರಟವರು ಜತೆಗೊಯ್ಯಬೇಕಾದದ್ದು ನಾಲ್ಕೈದು ಬರಹದ ಮಾದರಿಗಳನ್ನು. ಕಾಲೇಜು ಉತ್ಸವದ ಪ್ರಕಟಣೆ ಇರಲಿ, ಊರ ಜಾತ್ರೆಯ ದಿನ ಯಾವ ರಸ್ತೆ ಬಂದ್ ಎಂದು ತಿಳಿಸುವ ಕನ್ನಡದ ಆರು ಸಾಲು ಇರಲಿ, ಅದರಲ್ಲಿರುವ ಪ್ರತಿ ಅಂಕಿಯನ್ನೂ 'ಯಾರನ್ನು ಕೇಳಿ ಬರೆದದ್ದು?' ಎಂಬ ಪ್ರಶ್ನೆಗೆ ಉತ್ತರ ಕೊಡುವಂತೆ ಬರೆದಿರಬೇಕು. ಅನುಭವಸ್ಥ ಸಂದರ್ಶಕರ ಬೆರಳು ಮೊದಲು ಹೋಗಿ ನಿಲ್ಲುವುದು ಆ ಅಂಕಿಗಳ ಮೇಲೆಯೇ.