ಆನೆ ಸವಾರಿ ಮತ್ತು ಬೀದಿ ನಾಟಕ: ಸಿಜಿಕೆ

ಬೆಂಗಳೂರಿನ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ನಾಟಕ ನೋಡೋಕೆ ಟಿಕೆಟ್ ಬೇಕು. ರಂಗನಿರ್ದೇಶಕ ಸಿಜಿಕೆಯ ‘ಬೆಲ್ಚಿ’ ನಾಟಕಕ್ಕೆ ಟಿಕೆಟ್ಟೂ ಬೇಕಿರಲಿಲ್ಲ, ಪರದೆಯೂ ಬೇಕಿರಲಿಲ್ಲ, ಬೀದಿಯೇ ರಂಗ.

1977ರ ಮೇ ತಿಂಗಳು, ಬಿಹಾರದ ಬೆಲ್ಚಿ. ಹನ್ನೊಂದು ಜನರನ್ನು ಕೊಂದು ಸುಟ್ಟರು. ಅವರಲ್ಲಿ ಎಂಟು ಮಂದಿ ದಲಿತರು. ಅಲ್ಲಿಗೆ ಹೋಗುವಾಗ ಕೆಸರು ದಾಟಲು ಇಂದಿರಾ ಗಾಂಧಿ ಆನೆ ಏರಿದ್ದು ನೆನಪಿದೆಯಲ್ಲ? ನಮಗೆ ಆನೆಯೇ ನೆನಪು, ಸತ್ತವರಲ್ಲ.

ಆ ಸತ್ತವರನ್ನು ಕನ್ನಡದ ಬೀದಿಗೆ ತಂದದ್ದು ‘ಸಮುದಾಯ’ ರಂಗತಂಡ. ಅದು ಹುಟ್ಟಿದ್ದು 1975ರಲ್ಲಿ. ‘ಬೆಲ್ಚಿ’ ನಾಟಕದ ನಿರ್ದೇಶಕ ಸಿಜಿಕೆ, ಅಂದರೆ ಸಿ.ಜಿ. ಕೃಷ್ಣಸ್ವಾಮಿ, ವೃತ್ತಿಯಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು!

ಮುಂದೆ ಅವರ ನಿರ್ದೇಶನದಲ್ಲಿ ದೇವನೂರ ಮಹಾದೇವರ ಕಿರುಕಾದಂಬರಿ ‘ಒಡಲಾಳ’ ರಂಗಕ್ಕೆ ಬಂತು. ಅದರ ಸಾಕವ್ವನಾಗಿ ಉಮಾಶ್ರೀ. ಸಿನಿಮಾದಲ್ಲಿ ನಗಿಸುತ್ತಿದ್ದ ನಟಿಯೊಳಗೆ ಹಸಿದ ಮನೆಯ ಯಜಮಾನಿಯನ್ನು ಕಂಡದ್ದೇ, ನನ್ನ ಮಟ್ಟಿಗೆ, ಸಿಜಿಕೆಯ ದೊಡ್ಡ ಸಾಧನೆ. ‘ಮಹಾಚೈತ್ರ’ ನಾಟಕವನ್ನೂ ಆಡಿಸಿದರು. 2006ರಲ್ಲಿ ತೀರಿಕೊಂಡರು.